ಎದುರು ಪಕ್ಷದವರಿಗೆ ಯಾವ ಖಾತೆ?

ಅಮೆರಿಕದ ಅಧ್ಯಕ್ಷೀಯ ಪದ್ಧತಿಯ ಪಾಠಕ್ಕೆ ಬಂದಾಗಲೆಲ್ಲ ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಗೆದ್ದು ಬಂದ ಅಧ್ಯಕ್ಷರು ಸೋತ ಪಕ್ಷದವರನ್ನೂ ಸಂಪುಟಕ್ಕೆ ಸೇರಿಸಿಕೊಳ್ಳಬೇಕೇ? ಸೇರಿಸಿಕೊಳ್ಳಬೇಕು ಎನ್ನುವವನು ನಾನು. ಆದರೆ ಯಾವ ಖಾತೆಗೆ ಎನ್ನುವುದರಲ್ಲೇ ಎಲ್ಲವೂ ಇದೆ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ನಮ್ಮಲ್ಲಿ ಬೇರೆ ಪಕ್ಷದವರು ಮಂತ್ರಿಯಾದರೆ ಸದನದಲ್ಲಿ ಅವರ ಪಕ್ಷದ ಮತಗಳೂ ಜೊತೆಗೆ ಬರುತ್ತವೆ. ಅಲ್ಲಿ ಹಾಗಲ್ಲ. ಸೆನೆಟರ್, ಅಂದರೆ ಮೇಲ್ಮನೆಯ ಸದಸ್ಯ ಆಗಿದ್ದವರು ಸ್ಥಾನ ಬಿಟ್ಟೇ ಸಂಪುಟ ಸೇರಬೇಕು, ಅಧ್ಯಕ್ಷರು ಬೇಕೆಂದಷ್ಟು ದಿನ ಇರಬೇಕು. ಬರುವುದು ಒಬ್ಬ ವ್ಯಕ್ತಿ, ಪಕ್ಷವಲ್ಲ.

1940ರ ಜೂನ್‌ನಲ್ಲಿ ಫ್ರಾನ್ಸ್ ಕುಸಿಯುತ್ತಿದ್ದಾಗ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ರೂಸ್‌ವೆಲ್ಟ್ ಇಬ್ಬರು ರಿಪಬ್ಲಿಕನ್ನರನ್ನು ಕರೆದರು. 72 ವರ್ಷದ ಹೆನ್ರಿ ಸ್ಟಿಮ್ಸನ್‌ಗೆ ಯುದ್ಧ ಖಾತೆ, ಫ್ರಾಂಕ್ ನಾಕ್ಸ್‌ಗೆ ನೌಕಾಪಡೆ. ನಾಕ್ಸ್ ನಾಲ್ಕೇ ವರ್ಷದ ಹಿಂದೆ ಎದುರಾಳಿ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದವರು! ಇಬ್ಬರ ಸ್ವಂತ ಪಕ್ಷ ಕೆಂಡವಾಯಿತು. ಆದರೂ ನಾಕ್ಸ್ 1944ರಲ್ಲಿ ಸಾಯುವವರೆಗೆ, ಸ್ಟಿಮ್ಸನ್ ಯುದ್ಧ ಮುಗಿಯುವವರೆಗೆ ಆ ಹೊಣೆ ಹೊತ್ತರು. ಹಿಟ್ಲರ್‌ನನ್ನು ತಡೆಯಬೇಕು ಎಂಬುದರಲ್ಲಿ ಅವರಿಗೂ ರೂಸ್‌ವೆಲ್ಟ್‌ಗೂ ಎರಡು ಮಾತಿರಲಿಲ್ಲ. ಕೊಟ್ಟ ಖಾತೆಯ ಕೆಲಸವೂ ಅದೇ ಆಗಿತ್ತು.

2009ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಬಾಮಾ ಅವರಿಗೆ ಸರಿಯಾದ ಖಾತೆ, ತಪ್ಪು ಖಾತೆ ಎರಡರ ಅನುಭವವೂ ಆಯಿತು. ಹಿಂದಿನ ರಿಪಬ್ಲಿಕನ್ ಅಧ್ಯಕ್ಷ ಬುಷ್ ನೇಮಿಸಿದ್ದ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ ಅವರನ್ನು ಮುಂದುವರಿಸಿದರು. ಇರಾಕ್, ಅಫ್ಘಾನಿಸ್ತಾನದ ಎರಡು ಯುದ್ಧಗಳ ನಡುವೆ ಅದು ಸರಿಯಾದ ನಿರ್ಧಾರ. ವಾಣಿಜ್ಯ ಖಾತೆಗೆ ರಿಪಬ್ಲಿಕನ್ ಸೆನೆಟರ್ ಜಡ್ ಗ್ರೆಗ್ ಅವರನ್ನು ಹೆಸರಿಸಿದರು. ಒಂಬತ್ತೇ ದಿನಕ್ಕೆ ಗ್ರೆಗ್ ಹಿಂದೆ ಸರಿದರು. ಆರ್ಥಿಕ ಉತ್ತೇಜನದ ಮಸೂದೆ ಅವರಿಗೆ ಒಪ್ಪಿಗೆಯಿರಲಿಲ್ಲ. ಇನ್ನೊಂದು ಕಾರಣ ಜನಗಣತಿ. ಆ ಇಲಾಖೆಯಡಿ ನಡೆಯುವ ಗಣತಿಯ ಮೇಲೇ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ರಾಜ್ಯಗಳಿಗೆ ಸ್ಥಾನಗಳ ಹಂಚಿಕೆ ನಿಂತಿದೆ. 2010ರ ಗಣತಿ ಬಾಗಿಲಲ್ಲೇ ಇತ್ತು. ಎರಡು ಪಕ್ಷಗಳೂ ಪಟ್ಟು ಬಿಡದ ಜಾಗ ಅದು. ಗ್ರೆಗ್ ಅವರನ್ನು ನಾನು ದೂರುವುದಿಲ್ಲ; ಇಲಾಖೆಯ ಮುಖ್ಯ ಕೆಲಸದಲ್ಲೇ ಭಿನ್ನಮತವಿದ್ದವರನ್ನು ಅಲ್ಲಿಗೆ ಕರೆದದ್ದೇ ತಪ್ಪು.

ರಿಪಬ್ಲಿಕನ್ ಅಧ್ಯಕ್ಷ ಟ್ರಂಪ್ ಅವರ ಎರಡನೇ ಅವಧಿಯ ಸಂಪುಟಕ್ಕೆ ಬಂದ ರಾಬರ್ಟ್ ಕೆನಡಿ ಜೂನಿಯರ್, ತುಳಸಿ ಗಬ್ಬಾರ್ಡ್ ಅವರನ್ನೂ ಈ ಸಾಲಿಗೆ ಸೇರಿಸಬಹುದೇ ಎಂದು ಈಚೆಗೆ ತರಗತಿಯಲ್ಲಿ ಕೇಳುತ್ತಾರೆ. ನಾನು ಸೇರಿಸುವುದಿಲ್ಲ. ಅವರಿಬ್ಬರೂ ನೇಮಕಕ್ಕೆ ಮೊದಲೇ ಡೆಮಾಕ್ರಟಿಕ್ ಪಕ್ಷ ತೊರೆದಿದ್ದರು. ಸ್ಟಿಮ್ಸನ್ ಮತ್ತು ನಾಕ್ಸ್ ರಿಪಬ್ಲಿಕನ್ನರಾಗಿಯೇ ಒಳಗೆ ಬಂದವರು.