ಬಾಳೆಹಣ್ಣಿಗೆ ಕೂದಲು ಕರಗುವುದಿಲ್ಲ

"ಊಟದಾಗ ಒಂದ್ ಕೂದ್ಲ ಹೊಟ್ಟಿಗೆ ಹೋತ್ರೀ ಸಾಹೇಬ್ರ, ಏನರ ಆಗತೈತೇನ್ರೀ?" ಎಂದು ವಿಜಯಪುರದಲ್ಲಿ ಅಪರಾತ್ರಿ ಫೋನ್ ಮಾಡುವವರಿದ್ದಾರೆ. ಏನೂ ಆಗುವುದಿಲ್ಲ, ಮಲಗಿ. ಅದೇ ಮಗಳು ವರ್ಷಗಟ್ಟಲೆ ಕೂದಲು ಕಿತ್ತು ನುಂಗುತ್ತಿದ್ದರೆ ಮಾತ್ರ ಯಾರೂ ಫೋನ್ ಮಾಡುವುದಿಲ್ಲ. ಮೊದಲು ಜಂತಿನ ಔಷಧ, ಆಮೇಲೆ ಔಡಲೆಣ್ಣೆ, ಜೊತೆಗೆ ಹೊಟ್ಟೆಯೊಳಗಿನ ಕೂದಲು ಕರಗುತ್ತದೆ ಅಂತ ದಿನಾ ಬಾಳೆಹಣ್ಣು.

ಈ ಬಾಳೆಹಣ್ಣಿನ ವಿಷಯ ಹೇಳಿ ಹೇಳಿ ಸಾಕಾಗಿದೆ. ಕೂದಲು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್. ಜಠರದ ಆಮ್ಲಕ್ಕೇ ಅದು ಜಗ್ಗುವುದಿಲ್ಲ, ಇನ್ನು ಬಾಳೆಹಣ್ಣು ಏನು ಮಾಡೀತು? ಒಂದೆರಡು ಎಳೆಯಾದರೆ ಮಲದಲ್ಲಿ ಹೋಗುತ್ತವೆ, ಹಣ್ಣು ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ದಿನಾ ನುಂಗಿದ್ದು ಹಾಗಲ್ಲ. ಬಚ್ಚಲ ಜಾಲರಿಗೆ ಸಿಕ್ಕಿಕೊಂಡಂತೆ ಜಠರದ ಮಡಿಕೆಗಳಲ್ಲಿ ನಿಲ್ಲುತ್ತದೆ. ಲೋಳೆ, ಅನ್ನ ಅಂಟಿಕೊಂಡು ಗಂಟಾಗುತ್ತದೆ. ನಾವು ವೈದ್ಯರು ಟ್ರೈಕೋಬೆಝೋರ್ ಅನ್ನುವುದು ಇದಕ್ಕೇ. ಕೆಲವರಲ್ಲಿ ಅದರ ಬಾಲ ಸಣ್ಣ ಕರುಳಿಗೂ ಇಳಿಯುತ್ತದೆ. 1968ರಿಂದ ಅದನ್ನು, ಕಥೆಯ ಉದ್ದ ಕೂದಲಿನ ಹುಡುಗಿಯ ಹೆಸರಲ್ಲಿ, ರಪುನ್ಜೆಲ್ ಸಿಂಡ್ರೋಮ್ ಎನ್ನುತ್ತಾರೆ. ಕರುಳು ಕಟ್ಟಬಹುದು, ತೂತೂ ಬೀಳಬಹುದು. ಅಂಥ ಹೊತ್ತಿನಲ್ಲಿ ಭೇದಿಗೆ ಕೊಡುವುದು ಅಪಾಯ.

ಹೊಟ್ಟೆನೋವೆಲ್ಲ ಕೂದಲಿನದ್ದೇ ಅಂತಲ್ಲ, ಗಾಬರಿಯಾಗಬೇಡಿ. ಆದರೆ ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುವುದು, ಪದೇ ಪದೇ ವಾಂತಿ, ತೂಕ ಇಳಿಯುವುದು, ಮೇಲ್ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ ಇದ್ದರೆ ತೋರಿಸಿ. ಕೂದಲು ತಿನ್ನುವುದನ್ನು ಮುಚ್ಚಿಡಬೇಡಿ.

ಇಂಡಿ ಕಡೆಯ ಒಬ್ಬ ತಾಯಿ "ನಮ್ಮ ಹುಡುಗಿ ಅಂಥಾದ್ದೇನೂ ತಿನ್ನಂಗಿಲ್ರೀ" ಎಂದು ಒಂದೇ ಸಮನೆ ಹೇಳುತ್ತಿದ್ದರು. ಪಕ್ಕದಲ್ಲಿದ್ದ ಅಜ್ಜಿ ಮಾತಾಡಲಿಲ್ಲ. ಸುಮ್ನೆ ಮೊಮ್ಮಗಳ ರಿಬ್ಬನ್ ಬಿಚ್ಚಿದರು. ಕಿವಿಯ ಮೇಲೆ ಅಂಗೈಯಗಲ ಬೋಳು. ಅಂಥ ಅಜ್ಜಿಯರಿದ್ದರೆ ನಮ್ಮ ಅರ್ಧ ಕೆಲಸ ಮುಗಿದಂತೆ.

ಸ್ಕ್ಯಾನ್ ಆಯಿತು, ಆಪರೇಷನ್ ಆಯಿತು. ಇಷ್ಟು ದೊಡ್ಡ ಗಂಟು ಬಾಯಿಂದ ಕೊಳವೆ ಇಳಿಸುವ ಎಂಡೋಸ್ಕೋಪಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಟ್ರೇಯಲ್ಲಿಟ್ಟರೆ ಥೇಟ್ ಜಠರದ್ದೇ ಆಕಾರ, ಕಪ್ಪಗೆ, ತಡೆಯಲಾರದ ವಾಸನೆ. ಅಪ್ಪ ಮೂಗು ಮುಚ್ಚಿಕೊಂಡೇ ಕೇಳಿದರು: "ಅಷ್ಟ್ ಬಾಳಿಹಣ್ಣ ತಿನ್ನಿಸಿದ್ದೆಲ್ಲಾ ಎಲ್ಲಿ ಹೋತ್ರೀ?"

ಗಂಟು ತೆಗೆದರೆ ಅಭ್ಯಾಸ ಹೋಗುವುದಿಲ್ಲ. ಆಪರೇಷನ್ ಆದ ಮೇಲೆ ಮನೋವೈದ್ಯರ ಹತ್ತಿರ ಹೋಗಿ ಅಂದರೆ ಮನೆಯವರ ಮುಖ ಸಣ್ಣಗಾಗುತ್ತದೆ. "ಹುಚ್ಚೇನ್ರೀ ಆಕಿಗೆ?" ಅಲ್ಲ. ಆತಂಕ ಇರಬಹುದು, ಮನೆಯಲ್ಲಿ ಜಗಳ ಇರಬಹುದು, ಕೆಲವೊಮ್ಮೆ ಏನೂ ಕಾಣದಿರಬಹುದು. ರಕ್ತದಲ್ಲಿ ಕಬ್ಬಿಣಾಂಶ ಎಷ್ಟಿದೆ ಅಂತಲೂ ನೋಡಿಸಬೇಕು. ಹೊಡೆದರೆ ಕದ್ದು ತಿನ್ನುತ್ತಾರೆ. ತಲೆ ಬೋಳಿಸಿದರೂ ನಂಬಿ ಕೂರಬೇಡಿ, ಗೊಂಬೆಯ ಕೂದಲು, ಕಂಬಳಿಯ ಎಳೆ ನುಂಗುವ ಮಕ್ಕಳೂ ಇದ್ದಾರೆ.