ಬರದಲ್ಲೂ ಹಾಲು ಬತ್ತದ ಹುಲ್ಲುಗಾವಲು

2009ರಲ್ಲಿ ಕೊಲಂಬಿಯಾದ ಕೌಕಾ ಕಣಿವೆಗೆ ಮಳೆ ಕೈಕೊಟ್ಟಿತು. ಅಲ್ಲಿನ ಎಲ್ ಆತಿಕೊ ಎಂಬ ಡೇರಿ ಫಾರ್ಮಿನಲ್ಲಿ ವಾಡಿಕೆಗಿಂತ ಶೇ 44ರಷ್ಟು ಕಮ್ಮಿ ಮಳೆ. ಅವರ 40 ವರ್ಷದ ಲೆಕ್ಕದಲ್ಲಿ ಅಷ್ಟು ಒಣಗಿದ ವರ್ಷ ಇನ್ನೊಂದಿರಲಿಲ್ಲ. ದೇಶದ ಬೇರೆ ಕಡೆಯ ಫಾರ್ಮುಗಳಲ್ಲಿ ದನಗಳು ಸೊರಗಿದವು, ಮೇವು ನೀರಿಲ್ಲದೆ ಎಷ್ಟೋ ಸತ್ತವು. ಎಲ್ ಆತಿಕೊದಲ್ಲೂ ಹುಲ್ಲು ಕಾಲುಭಾಗ ಕಮ್ಮಿಯಾಯಿತು. ಆದರೆ ಹಾಲು? ಹಿಂದಿನ ನಾಲ್ಕು ವರ್ಷಗಳಿಗಿಂತ ಸುಮಾರು ಶೇ 10ರಷ್ಟು ಜಾಸ್ತಿ!

ಅಲ್ಲಿ ಹುಲ್ಲಿನ ಜೊತೆ ಸುಬಾಬುಲ್ ಗಿಡಗಳನ್ನು ಒತ್ತೊತ್ತಾಗಿ ಬೆಳೆಸಿದ್ದಾರೆ, ಅವುಗಳ ಮೇಲೆ ದೊಡ್ಡ ಮರಗಳ ನೆರಳು. ಸುಬಾಬುಲ್ ನಮಗೂ ಹೊಸದಲ್ಲ. ಬದುವಿನಲ್ಲಿ ನೆಟ್ಟು ಆಡಿಗೆ ಸೊಪ್ಪು ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಪದ್ಧತಿಯಲ್ಲಿ ಹೆಕ್ಟೇರಿಗೆ 10,000ಕ್ಕೂ ಹೆಚ್ಚು ಗಿಡ ಇರುತ್ತವೆ. ದನಗಳು ಗಿಡಕ್ಕೇ ಬಾಯಿ ಹಾಕಿ ಮೇಯುತ್ತವೆ. ಒಂದು ತುಂಡು ಮೇಯಿಸಿದ ಮೇಲೆ ಬೇಲಿ ಸರಿಸಿ ಮುಂದಿನ ತುಂಡಿಗೆ ಬಿಡುತ್ತಾರೆ. ಮೇಯ್ದ ಗಿಡ ಮತ್ತೆ ಚಿಗುರಲು ಸಮಯ ಬೇಕಲ್ವಾ?

ಹುಲ್ಲಿನ ಬೇರು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇರುತ್ತದೆ. ಆ ಮಣ್ಣು ಒಣಗಿದರೆ ಹುಲ್ಲೂ ಒಣಗುತ್ತದೆ. ಸುಬಾಬುಲ್ ಬೇರು ಆಳಕ್ಕಿಳಿದು ಅಲ್ಲಿನ ತೇವ ಎಳೆದುಕೊಳ್ಳುತ್ತದೆ, ಬರದಲ್ಲೂ ಸೊಪ್ಪು ಕೊಡುತ್ತದೆ. ನೆರಳಿನದ್ದು ಇನ್ನೊಂದು ದೊಡ್ಡ ಉಪಕಾರ. ಹಸುವಿನ ಹೊಟ್ಟೆಯಲ್ಲಿ ಮೇವು ಹುದುಗುವಾಗ ಸಾಕಷ್ಟು ಶಾಖ ಹುಟ್ಟುತ್ತದೆ. ಮೇಲಿಂದ ಬಿಸಿಲೂ ಸುಟ್ಟರೆ ಆ ಶಾಖ ಹೊರಹೋಗುವುದು ಕಷ್ಟ. ಆಗ ಹಸು ಬಾಯಿ ತೆರೆದು ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಮೇವನ್ನೇ ಕಮ್ಮಿ ಮಾಡುತ್ತದೆ. ಹಾಲು ಇಳಿಯುತ್ತದೆ. ಮರದಡಿ ನಿಂತರೆ ಈ ತಾಪ ಎಷ್ಟೋ ಕಮ್ಮಿ.

ಮರಗಳು ಇಂಗಾಲವನ್ನು ಹಿಡಿದಿಡುವುದಂತೂ ಗೊತ್ತೇ ಇದೆ. ಸುಬಾಬುಲ್ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೂ ಹಿಡಿದುಕೊಡುವುದರಿಂದ ಯೂರಿಯಾ ಖರ್ಚೂ ಉಳಿಯುತ್ತದೆ.

ಒಂದು ತೊಡಕಿದೆ. ಈ ಸೊಪ್ಪಿನಲ್ಲಿ ಮಿಮೊಸಿನ್ ಎಂಬ ವಿಷ ಇದೆ. ಅತಿಯಾಗಿ ತಿಂದ ದನಗಳ ಕೂದಲು ಉದುರುತ್ತದೆ, ಥೈರಾಯ್ಡ್ ಊದಿಕೊಳ್ಳುತ್ತದೆ. ಆದರೆ ಹವಾಯಿಯ ಆಡುಗಳು ಇದನ್ನು ತಿಂದೂ ಆರಾಮಾಗಿದ್ದವು. ಅವುಗಳ ಹೊಟ್ಟೆಯಲ್ಲಿದ್ದ ಬ್ಯಾಕ್ಟೀರಿಯಾ ಆ ವಿಷವನ್ನು ಒಡೆಯುತ್ತಿತ್ತು. ಆಸ್ಟ್ರೇಲಿಯಾದ ವಿಜ್ಞಾನಿ ರೇಮಂಡ್ ಜೋನ್ಸ್ 1980ರ ದಶಕದಲ್ಲಿ ಅದನ್ನು ತಮ್ಮ ದೇಶದ ದನಗಳ ಹೊಟ್ಟೆಗೆ ದಾಟಿಸಿದರು. ಆಮೇಲೆ ಆ ಬ್ಯಾಕ್ಟೀರಿಯಾಕ್ಕೆ ಅವರ ಹೆಸರನ್ನೇ ಇಟ್ಟರು.

ಹಾಗಂತ ಸಿಕ್ಕ ಸಿಕ್ಕ ಬಯಲಲ್ಲೆಲ್ಲ ಮರ ನೆಡುವುದು ತಪ್ಪು. ಕೌಕಾ ಕಣಿವೆ ಮೊದಲು ಕಾಡಿದ್ದ ಜಾಗ, ಅಲ್ಲಿಗೆ ಮರ ಒಗ್ಗುತ್ತದೆ. ನಮ್ಮ ರಾಣೆಬೆನ್ನೂರಿನ ಕಥೆ ಬೇರೆ. ಕೃಷ್ಣಮೃಗಗಳ ಆ ಹುಲ್ಲುಬಯಲಲ್ಲಿ ನೀಲಗಿರಿ ತೋಪು ಎಬ್ಬಿಸಿದರು. ದನ ತಿನ್ನದ, ಹುಲ್ಲಿಗೂ ಆಗಿಬರದ ಮರ ಅದು. ದೂರದವರೆಗೆ ಕಣ್ಣು ಹಾಯುವ ಬಯಲಿದ್ದರೆ ಮಾತ್ರ ಬದುಕುವ ಎರೆಭೂತ ಹಕ್ಕಿಗೂ ಅಲ್ಲಿ ಜಾಗ ಇಲ್ಲದಾಯಿತು.