ಇಪ್ಪತ್ತನೇ ನಂಬರ್ ವೀಸಾ: ಮನೆಗೆಲಸಕ್ಕೆ ಕೊಲ್ಲಿಗೆ ಹೋಗುವ ಮಹಿಳೆಯರು

ಪರೀಕ್ಷೆಯಲ್ಲಿ ಈ ವಿಷಯದ ಮೇಲೆ ಪ್ರಶ್ನೆ ಬಂದರೆ ನಾವೆಲ್ಲ ಬರೆಯುವ ಮೊದಲ ವಾಕ್ಯ ‘ಬಡತನದಿಂದಾಗಿ ಮಹಿಳೆಯರು ವಿದೇಶಕ್ಕೆ ಹೋಗಿ ಶೋಷಣೆಗೆ ಒಳಗಾಗುತ್ತಾರೆ’ ಎಂಬುದು. ತಪ್ಪಲ್ಲ, ಆದರೆ ಅಂಕ ಸಿಗುವಂಥದ್ದೇನೂ ಅದರಲ್ಲಿಲ್ಲ. ಬಡತನದಿಂದ ಗಂಡಸರೂ ಅದೇ ವಿಮಾನ ಹತ್ತಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮನೆಗೆಲಸದವಳ ಅಪಾಯವೇ ಬೇರೆ ಬಗೆಯದು ಏಕೆ? ಉತ್ತರ ಆಕೆಯ ಕಾಗದಪತ್ರಗಳಲ್ಲಿದೆ. ಕುವೈತನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಕಫೀಲ್ ಮತ್ತು ವೀಸಾ

ಕುವೈತ್‌ನಲ್ಲಿ ಕಂಪನಿಯ ನೌಕರರದ್ದು 18ನೇ ನಂಬರ್ ವೀಸಾ, ಮನೆಗೆಲಸದವರದ್ದು 20. ಎರಡಕ್ಕೂ ಕಫೀಲ್ ಬೇಕು. ನಮ್ಮ ಕರಾವಳಿಯವರಿಗೆ ಈ ಪದದ ಪರಿಚಯವಿದೆ. ಉಳಿದವರು ‘ಹೊಣೆಗಾರ ಯಜಮಾನ’ ಎಂದು ಓದಿಕೊಳ್ಳಬಹುದು. ಆ ದೇಶದಲ್ಲಿ ಮನೆಗೆಲಸದಾಕೆ ಇರುವ ಹಕ್ಕೇ ಆ ಒಂದು ಮನೆಗೆ ಅಂಟಿಕೊಂಡಿದೆ. 2010ರ ಖಾಸಗಿ ಕಾರ್ಮಿಕ ಕಾನೂನು ಮನೆಗೆಲಸದವರನ್ನು ಹೊರಗಿಟ್ಟಿತ್ತು. 2015ರಲ್ಲಿ ಅವರಿಗಾಗಿಯೇ 68ನೇ ಕಾನೂನು ಬಂತು: ದಿನಕ್ಕೆ ಹೆಚ್ಚೆಂದರೆ 12 ಗಂಟೆ ಕೆಲಸ, ವಾರಕ್ಕೊಂದು ರಜೆ, ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳುವಂತಿಲ್ಲ. ಮರುವರ್ಷ ಕನಿಷ್ಠ ಸಂಬಳ 60 ದಿನಾರ್ ಎಂದು ಗೊತ್ತುಮಾಡಿದರು.

ಓದಲು ಚೆನ್ನಾಗಿದೆ. ಆದರೆ ಕೆಲಸದ ಜಾಗ ಯಾರದೋ ಮನೆಯ ಒಳಗಿದೆ. ಕಾರ್ಖಾನೆಗೆ ನುಗ್ಗಿದಂತೆ ಅಲ್ಲಿಗೆ ತನಿಖಾಧಿಕಾರಿ ನುಗ್ಗುವುದಿಲ್ಲ. ಸಾಕ್ಷಿ ಹೇಳುವ ಸಹೋದ್ಯೋಗಿ ಇಲ್ಲ. ಸಂಬಳ ಕೈಗೆ ಕೊಟ್ಟರೆ ರಸೀದಿಯೂ ಇಲ್ಲ. ಯಜಮಾನ ಏಜೆನ್ಸಿಗೆ ದೊಡ್ಡ ಮೊತ್ತ ತೆತ್ತಿರುತ್ತಾನೆ. ಆಕೆಯನ್ನೇ ಕೊಂಡುಕೊಂಡೆ ಎಂಬ ಭಾವನೆ ಅಲ್ಲಿಂದ ಹುಟ್ಟುತ್ತದೆ. ಹೊಡೆತ ತಾಳಲಾರದೆ ಆಕೆ ಹೊರಗೋಡಿದರೆ ‘ತಲೆಮರೆಸಿಕೊಂಡಿದ್ದಾಳೆ’ ಎಂದು ಯಜಮಾನ ದೂರು ಕೊಡುತ್ತಾನೆ. ಸೌದಿಯಲ್ಲಿ ಇದಕ್ಕೆ ‘ಹುರೂಬ್’ ಎನ್ನುತ್ತಾರೆ. ದೂರು ದಾಖಲಾದರೆ ಆಕೆಯ ವಾಸದ ಪರವಾನಗಿ ಹೋಯಿತು, ಪೆಟ್ಟು ತಿಂದವಳೇ ಆರೋಪಿ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇದೇ. ಯಜಮಾನ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ಆಮೇಲಿನದು.

ನಮ್ಮ ಕಡೆಯ ಬಾಗಿಲು

1983ರ ವಲಸೆ ಕಾಯ್ದೆಯ ಪ್ರಕಾರ, ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳಂಥ ಕೆಲವು ಗೊತ್ತುಪಡಿಸಿದ ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ವಲಸೆ ಅನುಮತಿ ಪಡೆಯಬೇಕು. ಇಂಥ ಮಹಿಳೆಗೆ 30 ವರ್ಷ ತುಂಬದಿದ್ದರೆ ಅನುಮತಿಯೇ ಇಲ್ಲ. 2016ರಿಂದ ನೇಮಕಾತಿಯನ್ನೂ ಕೇರಳದ ನೋರ್ಕಾ ರೂಟ್ಸ್‌ನಂಥ ಸರ್ಕಾರಿ ಸಂಸ್ಥೆಗಳಿಗೇ ವಹಿಸಲಾಯಿತು. ಎಲ್ಲವೂ ರಕ್ಷಣೆಯ ಹೆಸರಿನಲ್ಲಿ.

ಫಲವೇನು? ಆಂಧ್ರದ ಕಡಪದಿಂದ, ಗೋದಾವರಿ ಜಿಲ್ಲೆಗಳಿಂದ ಹೆಂಗಸರು ಹೋಗುವುದು ನಿಲ್ಲಲಿಲ್ಲ. ಪ್ರವಾಸಿಗೆ ವಲಸೆ ಅನುಮತಿ ಬೇಡವಲ್ಲ! ಏಜೆಂಟ್ ವಿಸಿಟ್ ವೀಸಾ ಮಾಡಿಸುತ್ತಾನೆ, ಇಲ್ಲವೇ ಪಾಸ್‌ಪೋರ್ಟಿನಲ್ಲಿ ವಯಸ್ಸು ಏರಿಸುತ್ತಾನೆ. ಮೊದಲು ದುಬೈ ಅಥವಾ ಮಸ್ಕತ್, ಅಲ್ಲಿಂದ ಮುಂದಿನ ಮನೆ. ಹೀಗೆ ಹೋದವಳ ಒಪ್ಪಂದ ಸರ್ಕಾರದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಇರುವುದಿಲ್ಲ. ವಲಸೆ ಕಾರ್ಮಿಕರಿಗೆಂದೇ ಇರುವ ಹತ್ತು ಲಕ್ಷ ರೂಪಾಯಿಯ ‘ಪ್ರವಾಸಿ ಭಾರತೀಯ’ ವಿಮೆಯೂ ಇರುವುದಿಲ್ಲ. ಆಕೆ ಯಾವ ಮನೆಯಲ್ಲಿದ್ದಾಳೆ ಎಂಬುದು ರಾಯಭಾರ ಕಚೇರಿಗೆ ತಿಳಿಯುವುದೇ ಆಕೆ ಅಲ್ಲಿಗೆ ಓಡಿಬಂದ ದಿನ. ಬಾಗಿಲು ಮುಚ್ಚಿ ಕಿಟಕಿ ತೆರೆದಿಟ್ಟಂತಾಯಿತು. ನಿಷೇಧ ತಡೆದದ್ದು ಪ್ರಯಾಣವನ್ನಲ್ಲ, ದಾಖಲೆಯನ್ನು. (ಪರೀಕ್ಷೆಯಲ್ಲಿ ‘ವಿಮರ್ಶಿಸಿ’ ಎಂದು ಕೇಳಿದರೆ ಈ ಅಂಶವನ್ನು ಬಿಡಬೇಡಿ.)

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆ 2011ರದು. ಮನೆಗೆಲಸದವರನ್ನೂ ಕಾರ್ಮಿಕರೆಂದೇ ಅದು ಪರಿಗಣಿಸುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರನ್ನು ನೆನೆದರೆ ಕಾರಣ ಊಹಿಸುವುದು ಕಷ್ಟವಲ್ಲ.

ಚೌಕಾಶಿ

ಯಜಮಾನ 2,500 ಡಾಲರ್ ಬ್ಯಾಂಕ್ ಖಾತರಿ ಕೊಡಬೇಕೆಂದು ಭಾರತ ಷರತ್ತು ಹಾಕಿತ್ತು. ಕುವೈತ್ ಒಪ್ಪಲಿಲ್ಲ, 2017ರಲ್ಲಿ ಅದರ ಮಟ್ಟಿಗೆ ಭಾರತವೇ ಅದನ್ನು ಕೈಬಿಟ್ಟಿತು. ಫಿಲಿಪ್ಪೀನ್ಸ್ ದೇಶವನ್ನು ಇದರ ಪಕ್ಕಕ್ಕಿಟ್ಟು ನೋಡಿ. 2018ರ ಆರಂಭದಲ್ಲಿ ತಮ್ಮ ದೇಶದ ಮನೆಗೆಲಸದಾಕೆಯೊಬ್ಬರ ಶವ ಕುವೈತ್‌ನ ಫ್ರೀಜರ್ ಒಂದರಲ್ಲಿ ಸಿಕ್ಕಾಗ ಅದು ಕಾರ್ಮಿಕರನ್ನು ಕಳಿಸುವುದನ್ನೇ ನಿಲ್ಲಿಸಿತು. ಅದೂ ನಿಷೇಧವೇ, ಆದರೆ ಮಾತುಕತೆಗೆ ಎಳೆಯುವ ನಿಷೇಧ. ಅದೇ ವರ್ಷದ ಮೇ ತಿಂಗಳಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಅದರಲ್ಲಿದ್ದ ಒಂದು ಷರತ್ತು: ಕೆಲಸದಾಕೆಯ ಮೊಬೈಲ್ ಆಕೆಯ ಬಳಿಯೇ ಇರಬೇಕು.